ಇಲ್ಲದ ಮುಚ್ಚಳವನ್ನು ತಪ್ಪದೆ ಮುಚ್ಚುವ ಕುರಿತು

ಸಂಖ್ಯೆ: ಕೋವಿ/ಮುಚ್ಚಳ/17/1843
ಲಂಡನ್, ನವೆಂಬರ್ 1843

ಇವರಿಗೆ: ಕಾಲ್ದಳದ ಎಲ್ಲ ಅಧಿಕಾರಿಗಳು, ಸೈನಿಕರು ಹಾಗೂ ಪಾಳೆಯದಲ್ಲಿ ವಾಸಕ್ಕೆ ಅನುಮತಿ ಪಡೆದ ಅವರ ಹೆಂಡಂದಿರು

ವಿಷಯ: ಹೊಸ ಕೇಪಿನ ಕೋವಿಗಳಲ್ಲಿ ಇಲ್ಲದಿರುವ ಮದ್ದಿನ ಬಟ್ಟಲಿನ ಮುಚ್ಚಳ.

ಉಲ್ಲೇಖ: (1) ಚಕಮಕಿ ಕೋವಿಗಳ ಕಾಲದ ಕವಾಯತು ನಿಯಮಾವಳಿ (ಪ್ರತಿಗಳು ಇನ್ನೂ ಬಹಳ ಉಳಿದಿವೆ). (2) ಸಸೆಕ್ಸ್ ಕರಾವಳಿಯ ಕೋಟೆಯ ಕಾರ್ಪೊರಲ್ ಜೇಬೆಜ್ ಕೌಲ್ಟರ್ ಅವರ ವಿಚಾರಣಾ ವರದಿ.

1. ಹಳೆಯ ಕೋವಿಯಲ್ಲಿ ಕಲ್ಲಿನ ಕಿಡಿ ಬಟ್ಟಲಿನ ಮದ್ದಿಗೆ ತಗುಲಿ ಗುಂಡು ಹಾರುತ್ತಿತ್ತು. ಮಳೆ ಬಂದರೆ ಹಾರುತ್ತಿರಲಿಲ್ಲ. ಹೊಸ ಕೋವಿಯಲ್ಲಿ ಸಿಡಿಮದ್ದು ತುಂಬಿದ ಪುಟ್ಟ ತಾಮ್ರದ ಕೇಪಿನ ಮೇಲೆ ಕೋವಿಯ ಸುತ್ತಿಗೆ ಬಡಿದರೆ ಸಾಕು, ಮಳೆಯಲ್ಲೂ ಹಾರುತ್ತದೆ. ಹೀಗಾಗಿ ಬಟ್ಟಲನ್ನೂ ಮುಚ್ಚಳವನ್ನೂ ತೆಗೆಯಲಾಗಿದೆ. ಆದರೆ ಅವನ್ನು ಕವಾಯತಿನಿಂದ ತೆಗೆಯಲು ಯಾವ ಆದೇಶವೂ ಹೊರಟಿಲ್ಲ. ಆದ್ದರಿಂದ ಸೈನಿಕರು ಮೊದಲಿನಂತೆಯೇ ಮುಚ್ಚಳ ತೆರೆದು, ಮದ್ದು ಸುರಿದು, ಮುಚ್ಚಳ ಮುಚ್ಚಿ, ಅನಂತರವೇ ಕೇಪು ಇಡತಕ್ಕದ್ದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.

2. ಸುರಿಯುವ ಮದ್ದು ನಿಜವಾದದ್ದೇ ಆಗಿರತಕ್ಕದ್ದು. ಅದು ಬೂಟಿನ ಮೇಲೆ ಬೀಳುವುದರಿಂದ ಬೂಟುಗಳನ್ನು ಒದ್ದೆಯಾಗದಂತೆ ಕಾಪಾಡತಕ್ಕದ್ದು.

3. ಬಟ್ಟಲಿನ ಬೆಂಕಿಗೆ ಹೆದರಿ ಕಣ್ಣು ಮುಚ್ಚಿ ಮುಖ ತಿರುಗಿಸುವ ರೂಢಿಯು ಮುಂದುವರಿಯತಕ್ಕದ್ದು. ಬೆಂಕಿ ಇಲ್ಲವೆಂದು ಕಣ್ಣು ತೆರೆದಿಟ್ಟು ಗುರಿ ಮುಟ್ಟಿಸಿದವರಿಂದ ವಿವರಣೆ ಕೇಳಲಾಗುವುದು.

4. ಕಳೆದ ತಿಂಗಳ ತಪಾಸಣೆಯಲ್ಲಿ, ಜೋರು ಮಳೆಯ ನಡುವೆ, ಕಾರ್ಪೊರಲ್ ಕೌಲ್ಟರ್ ಅವರ ತುಕಡಿಯು ಮೇಲಿನ ಕ್ರಮಗಳನ್ನು ಕೈಬಿಟ್ಟು, ಉಳಿದ ತುಕಡಿಗಳು ಇನ್ನೂ ಮುಚ್ಚಳ ಮುಚ್ಚುತ್ತಿರುವಾಗಲೇ ಗುಂಡು ಹಾರಿಸಿ, ಮತ್ತೆ ತುಂಬಿ, ಮತ್ತೆ ಹಾರಿಸಿತು. ಹಾಜರಿದ್ದ ಜನರಲ್ ಸಾಹೇಬರು ಚಪ್ಪಾಳೆ ತಟ್ಟಿದರು. ಸದರಿ ಚಪ್ಪಾಳೆಯನ್ನು ಹಿಂಪಡೆಯಲಾಗಿದೆ.

5. ಮುಚ್ಚಳವನ್ನು ತೆರೆದೇ ಬಿಟ್ಟ ಆರೋಪದ ಮೇಲೆ ಮೇಜರ್ ಪೆಂಡಲ್‌ಬರಿಯವರು ವಿಚಾರಣೆ ನಡೆಸಿದರು. ಕಾರ್ಪೊರಲ್ಲರು, "ತೆರೆದಿತ್ತು ಅಂತೀರಲ್ಲ ಸ್ವಾಮಿ, ತೋರಿಸಿ. ಈಗಲೇ ಮುಚ್ತೀನಿ" ಎಂದು ಹೇಳಿರುವುದು ವರದಿಯಲ್ಲಿದೆ. ಕೋವಿಯನ್ನು ತರಿಸಿ ನೋಡಲಾಗಿ ಮುಚ್ಚಳ ಕಾಣಲಿಲ್ಲ. ಸರ್ಕಾರಿ ಸ್ವತ್ತನ್ನು ಕಳೆದುಕೊಂಡ ಹೊಸ ಆರೋಪವನ್ನು ಅಲ್ಲಿಯೇ ಸೇರಿಸಿ, ಅವರ ದರ್ಜೆಯನ್ನು ಕಿತ್ತುಕೊಳ್ಳಲು ನಿರ್ಧರಿಸಲಾಯಿತು. ದರ್ಜೆ ಹೋದವನ ಹೆಂಡತಿಗೆ ಪಾಳೆಯದಲ್ಲಿ ಜಾಗವಿಲ್ಲವಾದ್ದರಿಂದ, ಸೈನಿಕರ ಅಂಗಿ ಒಗೆಯುವ ಡೋರ್ಕಸ್ ಕೌಲ್ಟರ್ ಎಂಬಾಕೆಯು ಶನಿವಾರದೊಳಗೆ ಜಾಗ ಖಾಲಿ ಮಾಡತಕ್ಕದ್ದೆಂದು ಸೂಚಿಸಲಾಯಿತು. ಚಳಿಗಾಲ ಎದುರಿಗಿದೆಯೆಂಬ ಕಾರ್ಪೊರಲ್ಲರ ಮನವಿಯು ಹವಾಮಾನಕ್ಕೆ ಸಂಬಂಧಿಸಿದ್ದರಿಂದ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

6. ಆಗ ಸದರಿ ಡೋರ್ಕಸ್ ಕರೆಯದೆ, ಮೊಣಕೈವರೆಗೂ ಸೋಪಿನ ನೊರೆಯೊಂದಿಗೆ ಒಳಬಂದು, ಮೇಜರ್ ಸಾಹೇಬರ ಸೊಂಟದ ಪಿಸ್ತೂಲಿನತ್ತ ಬೆರಳು ಮಾಡಿ, "ನಿಮ್ಮದ್ರಲ್ಲೂ ಇಲ್ವಲ್ಲ ಸಾಹೇಬ್ರೇ. ನಿಮ್ಮನೆ ಅಮ್ಮಾವ್ರು ಯಾವಾಗ ಗಂಟುಮೂಟೆ ಕಟ್ತಾರೆ? ಇಬ್ರೂ ಒಂದೇ ಗಾಡೀಲಿ ಹೋಗ್ತೀವಿ" ಎಂದು ಕೇಳಿರುತ್ತಾಳೆ. ಪರಿಶೀಲಿಸಲಾಗಿ ಆ ಪಿಸ್ತೂಲಿನಲ್ಲೂ ಮುಚ್ಚಳವಿರಲಿಲ್ಲ. ಜನರಲ್ ಸಾಹೇಬರದ್ದರಲ್ಲೂ ಇರಲಿಲ್ಲ. ಇದೇ ನಿಯಮವನ್ನು ಎಲ್ಲರಿಗೂ ಅನ್ವಯಿಸಿದಲ್ಲಿ, ಇಡೀ ಕೋಟೆಯಲ್ಲಿ ದರ್ಜೆ ಉಳಿಸಿಕೊಳ್ಳಬಲ್ಲವರು ಕತ್ತಿಯನ್ನು ಮಾತ್ರ ಕಟ್ಟುವ ವಾದ್ಯವೃಂದದವರೇ ಎಂದು ಕಂಡುಬಂದಿತು.

7. ಆದಕಾರಣ, ಎಲ್ಲ ಮುಚ್ಚಳಗಳೂ ಸ್ವಸ್ಥಾನದಲ್ಲಿವೆಯೆಂದು ಭಾವಿಸತಕ್ಕದ್ದು. ಕಾರ್ಪೊರಲ್ ಕೌಲ್ಟರ್ ತಮ್ಮ ಮುಚ್ಚಳವನ್ನು ಕಣ್ಣಿಗೆ ಕಾಣದಷ್ಟು ಬಿಗಿಯಾಗಿ ಮುಚ್ಚಿದ್ದರೆಂದು ತೀರ್ಮಾನಿಸಲಾಗಿದೆ. ಅವರ ದರ್ಜೆಯೂ ಹೆಂಡತಿಯ ವಾಸವೂ ಮುಂದುವರಿಯುತ್ತವೆ. ಅತಿಯಾಗಿ ಬಿಗಿ ಮಾಡಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ.

8. ಯುದ್ಧಕಾಲದಲ್ಲಿಯೂ ಯಾವ ಕ್ರಮವನ್ನೂ ಮೊಟಕುಗೊಳಿಸುವಂತಿಲ್ಲ. ಮುಚ್ಚಳ ಮುಚ್ಚುವ ಮೊದಲೇ ಸತ್ತವರ ಪರವಾಗಿ ಪಕ್ಕದವರು ಮುಚ್ಚತಕ್ಕದ್ದು.

ಸಹಿ/-
ಅಧೀನ ಕಾರ್ಯದರ್ಶಿ (ಮುಚ್ಚಳ),
ಮೇಲಧಿಕಾರಿಗಳು ಊಟಕ್ಕೆ ಹೋಗಿರುವುದರಿಂದ ಅವರ ಪರವಾಗಿ

ಪ್ರತಿಗಳು:
1. ಕೋವಿ ಕಾರ್ಖಾನೆಯ ಮುಖ್ಯಸ್ಥರಿಗೆ: ಇನ್ನು ಮುಂದೆ ಮುಚ್ಚಳ ಇಲ್ಲದ ಜಾಗವನ್ನು ಎದ್ದು ಕಾಣುವಂತೆ ಮಾಡಲು.
2. ಮೇಜರ್ ಪೆಂಡಲ್‌ಬರಿ ಅವರಿಗೆ, ಪಿಸ್ತೂಲಿನ ಸಮೇತ.
3. ಡೋರ್ಕಸ್ ಕೌಲ್ಟರ್ ಅವರಿಗೆ: ಓದಲು ಬಾರದಿರುವುದರಿಂದ ಮೇಜರ್ ಸಾಹೇಬರೇ ಖುದ್ದಾಗಿ ಓದಿ ಹೇಳತಕ್ಕದ್ದು. ಆಕೆಯ ಉತ್ತರವನ್ನು ಈ ಕಚೇರಿಗೆ ಕಳುಹಿಸತಕ್ಕದ್ದಲ್ಲ.