ಒಕ್ಕಣ್ಣ ಗೂಬೆ

ಕೋಟಿನ ಹರಿದ ಲೈನಿಂಗ್ ಬಿಚ್ಚಲು ಹೊರಟ ದರ್ಜಿಯ ಬೆರಳಿಗೆ ಏನೋ ಚುಚ್ಚಿತು. ಕಾಲರ್ ಮಡಚಿ ನೋಡಿದರೆ ಅಲ್ಲೊಂದು ಗೂಬೆ ಕೂತಿತ್ತು. ಹೆಬ್ಬೆರಳಿನಷ್ಟಿದ್ದ ಚಿನ್ನದ ಗೂಬೆ. ಹಳೇ ಕಾಲದ ಬ್ರೋಚು. ಎದೆಯ ತುಂಬ ಕೆಂಪು, ನೀಲಿ ಹರಳು. ಎಡಗಣ್ಣಿನಲ್ಲಿ ಮಿನುಗುವ ಹಸಿರು ಕಲ್ಲು. ಬಲಗಣ್ಣಿನಲ್ಲಿ ಏನೂ ಇಲ್ಲ, ಬರೀ ಕುಳಿ.

ದರ್ಜಿಯ ಜೀವ ಬಾಯಿಗೆ ಬಂತು. ಕೋಟು ನಿವೃತ್ತ ಜಡ್ಜಮ್ಮನದು. ಆಕೆ ಕೆಮ್ಮಿದರೂ ತೀರ್ಪು ಓದಿದಂತೆ ಕೇಳುತ್ತಿತ್ತು. ಕೋಟು ಕೊಡುವಾಗ ಬ್ರೋಚು ತೆಗೆಯಲು ಮರೆತಿದ್ದಾರೆ. ಕಲ್ಲು ಇಲ್ಲೇ ಬಿದ್ದಿರಬೇಕು! ಅವನು ಮಿಷಿನ್ನಿನ ಕೆಳಗೆ ನುಗ್ಗಿದ.

ಪಕ್ಕದಂಗಡಿಯ ಕ್ಷೌರಿಕ ಕೈಯಲ್ಲಿ ಕತ್ತಿ ಹಿಡಿದೇ ಇಣುಕಿದ. ಹಿಂದೆಯೇ ಅರ್ಧ ಕೆನ್ನೆ ಬೋಳಿಸಿಕೊಂಡಿದ್ದ ಅವನ ಗಿರಾಕಿ.

“ಏನೋ ಹುಡುಕ್ತಿದೀಯ?”

“ಕಣ್ಣು.”

“ಯಾರ್ದು?”

“ಗೂಬೇದು, ಅಣ್ಣ.”

ಕ್ಷೌರಿಕ ಬ್ರೋಚನ್ನು ಬೆಳಕಿಗೆ ಹಿಡಿದ. “ಅಯ್ಯಯ್ಯೋ! ಇಂಥ ಕಲ್ಲು ಈಗ ಭೂಮಿ ಅಗೆದ್ರೂ ಸಿಗಲ್ಲ. ಈ ಒಂದು ಕಣ್ಣಿಗೆ ನಮ್ಮಿಬ್ಬರ ಅಂಗಡಿ ಮಾರಿದ್ರೂ ಸಾಲದು.”

“ಕಲ್ಲು ಮೊದಲೇ ಇರ್ಲಿಲ್ವೇನೋ?”

“ಜಡ್ಜಮ್ಮ ಕುರುಡು ಗೂಬೆ ಸಿಕ್ಕಿಸ್ಕೊಂಡು ಓಡಾಡ್ತಾರಾ? ನೋಡ್ತಿರು, ಈ ಗೂಬೇನ ನಿನ್ನ ತಲೆ ಮೇಲೇ ಕೂರಿಸ್ತಾರೆ!”

“ಒಳಗೆ ಹಾಕಿಸ್ತಾರೆ,” ಎಂದ ಗಿರಾಕಿ, ನೊರೆ ಹಾರಿಸುತ್ತ.

ಮೂವರೂ ಸೇರಿ ಅಂಗಡಿಯನ್ನು ಜಾಲಾಡಿದರು. ಗಿರಾಕಿ ಮಿಷಿನ್ ಮಗುಚಿದ. ಎಣ್ಣೆಯೆಲ್ಲ ಹೊಸ ಪ್ಯಾಂಟಿನ ಬಟ್ಟೆಯ ಮೇಲೆ. ಕ್ಷೌರಿಕ ಗುಂಡಿಗಳ ಡಬ್ಬಿ ಕವುಚಿದ. ಹೊರಗೆ ಬೂಟಿನ ಸಪ್ಪಳವಾದಾಗಲೆಲ್ಲ ದರ್ಜಿ ಪೊಲೀಸರೇ ಬಂದರೆಂದು ಪರದೆಯ ಹಿಂದೆ ಸೇರುತ್ತಿದ್ದ. ಕಲ್ಲು ಮಾತ್ರ ಸಿಗಲಿಲ್ಲ.

ಗಲಾಟೆ ಕೇಳಿ ಬಂದ ಎದುರಿನ ಗಡಿಯಾರ ರಿಪೇರಿಯವನು ನೆಲದಿಂದ ಹಸಿರು ಗಾಜಿನ ಗುಂಡಿಯೊಂದನ್ನು ಹೆಕ್ಕಿದ. “ಕಣ್ಣಿಲ್ಲದಿದ್ರೇನಂತೆ, ಗುಂಡಿ ಇದೆಯಲ್ಲ!”

ಅರ ಹಾಕಿ ಉಜ್ಜಿ, ಅಂಟು ಸವರಿ ಕುಳಿಗೆ ಕೂರಿಸಿದ. ಗೂಬೆಗೆ ಸ್ವಲ್ಪ ಮೆಳ್ಳೆಗಣ್ಣು ಬಂತು, ಅಷ್ಟೆ.

ಸಂಜೆ ದರ್ಜಿ ಕೋಟು ಹೊತ್ತು ಜಡ್ಜಮ್ಮನ ಮಹಡಿ ಮೆಟ್ಟಿಲು ಹತ್ತಿದ. ಜಡ್ಜಮ್ಮ ಕೋಟು ತೆಗೆದುಕೊಂಡರು. ಅಭ್ಯಾಸಬಲದಿಂದ ಹೆಬ್ಬೆರಳು ಗೂಬೆಯ ಮುಖದ ಮೇಲೆ ಆಡಿತು. ತಟ್ಟನೆ ನಿಂತಿತು.

“ಏನಿದು?”

ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ.

“ಈ ಕಣ್ಣು ಕಳೆದು ಎಷ್ಟು ವರ್ಷ ಆಯ್ತು ಗೊತ್ತಾ? ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಹೋಗಿದ್ದು! ನನ್ನ ನಾದಿನಿಯೇ ಕದ್ದಳು ಅಂತ ಅವತ್ತಿಂದ ಅವಳ ಹತ್ರ ಮಾತು ಬಿಟ್ಟಿದೀನಿ. ಕೆಳಗಡೆ ಮನೇಲೇ ಇದಾಳೆ!” ಅವರ ದನಿ ನಡುಗಿತು. “ಇದೂ ಆಗಿನ ಕೋಟೇ. ಲೈನಿಂಗ್ ಒಳಗೆ ಸಿಕ್ತಾ?”

ಮೊದಲೇ ಇರಲಿಲ್ಲ! ಇರಲಿಲ್ಲವೆಂದರೆ ತನ್ನ ಮೇಲೆ ಕಳ್ಳತನದ ಮಾತಿಲ್ಲ. ಆದರೆ ಈಗ ಅದು ಬರೀ ಗುಂಡಿಯೆಂದು ಹೇಳಿದರೆ ಮೋಸ ಮಾಡಿದಂತೆ. ದರ್ಜಿಯ ತಲೆ ತಾನಾಗಿಯೇ ಹೌದೆಂದು ಆಡಿತು.

ಜಡ್ಜಮ್ಮ ಕಣ್ಣೊರೆಸಿಕೊಂಡು ಕೆಳಗೆ ಕೂಗಿದರು. ನಾದಿನಿ ಏದುಸಿರು ಬಿಡುತ್ತ ಹತ್ತಿ ಬಂದರು. “ನನ್ನ ಕ್ಷಮಿಸಮ್ಮ,” ಎಂದು ಜಡ್ಜಮ್ಮ ಅಪ್ಪಿಕೊಂಡರು. ಇಬ್ಬರೂ ಗೊಳೋ ಎಂದು ಅತ್ತರು. ಬಚಾವಾದೆ ಎಂದುಕೊಂಡ ದರ್ಜಿ ಸದ್ದಿಲ್ಲದೆ ಮೆಟ್ಟಿಲಿಳಿದ.

“ನಿಲ್ಲಪ್ಪ,” ಎಂದು ಹಿಂದಿನಿಂದ ಪಿಸುದನಿ ಕೇಳಿತು. ನಾದಿನಿ. ಕಣ್ಣೀರು ಆಗಲೇ ಆರಿತ್ತು. “ಆ ಕುಳಿಗೆ ಏನು ಕೂರಿಸಿದೀಯ?”

“ಅದೇ... ಕಲ್ಲು, ಅಮ್ಮ.”

“ಕಲ್ಲು ನನ್ನ ಪೆಟ್ಟಿಗೇಲಿದೆ.”

ದರ್ಜಿ ಮೆಟ್ಟಿಲಿನ ಕಂಬಿ ಹಿಡಿದುಕೊಂಡ.

“ಹೆದರ್ಬೇಡ. ಅತ್ತಿಗೆ ನನ್ನ ಕ್ಷಮೆ ಕೇಳಿದಾರೆ. ನಾನ್ಯಾಕೆ ಬಾಯಿ ಬಿಡ್ಲಿ? ನೀನೂ ಬಿಡ್ಬೇಡ.” ಆಕೆ ತಮ್ಮ ಮನೆಯೊಳಗೆ ಹೋಗಿ ಎತ್ತಲಾಗದಷ್ಟು ದೊಡ್ಡ ಬಟ್ಟೆ ಗಂಟೊಂದನ್ನು ಎಳೆದು ತಂದರು. “ಇವನ್ನೆಲ್ಲ ಸ್ವಲ್ಪ ಸಡಿಲ ಮಾಡ್ಕೊಡು. ಕೂಲಿ ಮಾತು ನಮ್ಮಿಬ್ಬರ ಮಧ್ಯೆ ಯಾಕೆ, ಅಲ್ವಾ?”

ದರ್ಜಿ ಗಂಟು ಹೊತ್ತು ಬೀದಿಗಿಳಿದ.

“ನಾಳೆನೂ ಬಾರಪ್ಪ,” ಎಂದು ಅವರು ಬಾಗಿಲಲ್ಲಿ ನಿಂತು ಅಕ್ಕರೆಯಿಂದ ಕೂಗಿದರು, “ಸೊಸೆಯಂದಿರ ಬಟ್ಟೆ ತೆಗೆದಿಟ್ಟಿರ್ತೀನಿ!”