ಹಿಮದಲ್ಲಿ ನಿಂತ ನನ್ನ ಕೊಳಕು ಸೈನಿಕರು

ಗೊಂಬೆ ಸೈನಿಕರಿಗೆ ಬಣ್ಣ ಹಚ್ಚುವವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಹಗಲೆಲ್ಲ ಮಣಿಪಾಲದ ಕ್ಲಿನಿಕ್ಕಿನಲ್ಲಿ ಕಟ್ಟುಹಲ್ಲು ಮಾಡುತ್ತೇನೆ. ಸಂಜೆ ಕಾಪುವಿನ ಮನೆಯಲ್ಲಿ ಹೆಬ್ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚಿ, ಆಮೇಲೆ ಕೊಳೆ ಹಿಡಿಸುತ್ತೇನೆ. ಬೂಟಿಗೆ ಕೆಸರು, ಕೋಟಿಗೆ ಮಸಿ, ಟ್ಯಾಂಕಿಗೆ ತುಕ್ಕು. ಹಿಮದಲ್ಲಿ ತಿಂಗಳುಗಟ್ಟಲೆ ಯುದ್ಧ ಮಾಡಿದವರು ಮದುವೆಗೆ ಹೊರಟವರಂತೆ ಇರುತ್ತಾರೆಯೇ? ಇಷ್ಟು ಸಣ್ಣ ವಿಷಯ ಇಲ್ಲಿ ಯಾರ ತಲೆಗೂ ಹೋಗುವುದಿಲ್ಲ! ಈ ಸಲ ಮಣಿಪಾಲದ ಪುಟ್ಟ ಮಾದರಿಗಳ ಪ್ರದರ್ಶನದಲ್ಲಿ ಒಬ್ಬರಾದರೂ ಬಗ್ಗಿ ನೋಡಿ, "ಕೊಳೆ ಚೆನ್ನಾಗಿ ಬಂದಿದೆ" ಎನ್ನಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ತುಕ್ಕು

ಕಾಪು ಪೇಟೆಯ ಪೈಂಟ್ ಅಂಗಡಿಗೆ ಹೋಗಿ ತುಕ್ಕಿನ ಬಣ್ಣ ಕೇಳಿದೆ.

"ತುಕ್ಕು ಹಿಡಿಯದ ಹಾಗೆ ಹಚ್ಚುವುದಾ? ಉಂಟು" ಎಂದರು ಅಂಗಡಿಯವರು.

"ಅಲ್ಲ, ತುಕ್ಕು ಹಿಡಿದ ಹಾಗೆ ಕಾಣಬೇಕು."

"ಎಂತ ಮಾರಾಯ್ರೆ, ಸಮುದ್ರದ ಪಕ್ಕ ಕೂತುಕೊಂಡು ತುಕ್ಕನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುವುದಾ? ಒಂದು ಮಳೆಗಾಲ ಹೊರಗಿಡಿ, ಸಾಕು."

ನನಗೆ ಮೈಯೆಲ್ಲ ಉರಿಯಿತು. "ಅದು ಪ್ಲಾಸ್ಟಿಕ್ ಟ್ಯಾಂಕು! ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ!"

ಅವರು ಅಂಗಡಿಯಲ್ಲಿದ್ದ ಉಳಿದವರ ಕಡೆ ತಿರುಗಿ, "ಹಿಡಿಯುವುದಿಲ್ಲ ಅಂತ ಇವರಿಗೇ ಗೊತ್ತುಂಟು" ಎಂದರು.

ಹಿಮ

ನಾನು ಹಿಮ ಕಂಡವನಲ್ಲ. ಅದು ಹೇಗೆ ಕೂರುತ್ತದೆಂದು ನೋಡಲು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೇಕೆಂದೇ ಮಂಜು ಬೆಳೆಯಲು ಬಿಟ್ಟಿದ್ದೆ. ಆಗ ಕಾರ್ಕಳದಿಂದ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಉಳಿಯಲು ಬಂದರು. ಬಂಗುಡೆ ಮೀನು ಇಡಲು ಜಾಗವಿಲ್ಲವೆಂದು ದೋಸೆಯ ಸಟ್ಟುಗ ತೆಗೆದುಕೊಂಡು ಅಷ್ಟನ್ನೂ ಕೆರೆದು ಹಾಕಿದರು.

"ಅತ್ತೇ, ಅದು ನೋಡ್ಲಿಕ್ಕೆ ಇಟ್ಟದ್ದು!" ಎಂದು ಕೂಗಾಡಿದೆ.

"ನೋಡಿ, ಬೇಡ ಹೇಳಿದ್ದು ಯಾರು? ನಾಳೆ ಬಂಗುಡೆಯ ಮೇಲೆ ಕೂತಿರ್ತದೆ."

ಕೂತಿತ್ತು. ಬಹಳ ಚೆನ್ನಾಗಿಯೇ ಕೂತಿತ್ತು. ನನ್ನ ಸೈನಿಕರ ಹೆಗಲ ಮೇಲಿರುವುದು ಬಂಗುಡೆಯನ್ನು ನೋಡಿ ಮಾಡಿದ ಹಿಮ. ಇದನ್ನು ಹೊರಗೆ ಯಾರಿಗೂ ಹೇಳಿಲ್ಲ.

ಡಾಕ್ಟರು

ನಮ್ಮ ಕ್ಲಿನಿಕ್ಕಿನ ದಂತವೈದ್ಯರಿಗೆ ಒಬ್ಬ ಸೈನಿಕನನ್ನು ತೋರಿಸಿದೆ. ಅವರು ದೀಪದ ಕೆಳಗೆ ಹಿಡಿದು, "ಕೋಟಿನ ಮಡಿಕೆಯಲ್ಲೆಲ್ಲ ಕರೆ ಕಟ್ಟಿದೆ ಅಲ್ವಾ?" ಎಂದರು. ಕೊನೆಗೂ ಒಬ್ಬರಿಗೆ ಕಂಡಿತಲ್ಲ ಎಂದು ಎದೆಯುಬ್ಬಿತು.

"ಹೌದು ಸರ್."

"ಒಂದು ಸ್ಕೇಲಿಂಗ್ ಮಾಡಿ ಕ್ಲೀನ್ ಮಾಡಿಕೊಡ್ಲಾ?"

ಆಯುಧ ಪೂಜೆ

ಪ್ರದರ್ಶನ ಬಿದ್ದದ್ದು ಆಯುಧ ಪೂಜೆಯ ಮರುದಿನ. ಪೂಜೆಯ ದಿನ ನಾನು ಸಭಾಂಗಣದಲ್ಲಿ ಮೇಜು ಜೋಡಿಸಲು ಹೋಗಿದ್ದೆ. ಮರುದಿನ ಬೆಳಿಗ್ಗೆ ಸೈನಿಕರ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಕೊಂಡು ಹೊರಟೆ. ಅತ್ತೆಯೂ ಬಂದರು. ಅಲ್ಲಿ ಮುಚ್ಚಳ ತೆಗೆದು ನೋಡುತ್ತೇನೆ, ಟ್ಯಾಂಕಿನ ಕೊಳವೆಗೆ ಶಂಕರಪುರ ಮಲ್ಲಿಗೆ ಸುತ್ತಿದೆ. ಪ್ರತಿಯೊಬ್ಬ ಸೈನಿಕನ ಹಣೆಯ ಮೇಲೆ, ಟೋಪಿಯ ಸ್ವಲ್ಪ ಕೆಳಗೆ, ಕಡ್ಡಿಯ ತುದಿಯಿಂದ ಇಟ್ಟ ಕುಂಕುಮ!

"ಎಂತ ಅತ್ತೆ ಇದು?"

"ಸ್ಕೂಟರಿಗೆ ಇಟ್ಟೆ, ಮಿಕ್ಸಿಗೆ ಇಟ್ಟೆ. ಮನೆಯಲ್ಲಿ ನಿಜವಾದ ಆಯುಧ ಹಿಡಿದವರು ಇವರು ಮಾತ್ರ. ಇವರನ್ನು ಬಿಡ್ಲಿಕ್ಕೆ ಆಗ್ತದಾ?"

ಮಲ್ಲಿಗೆ ಕಿತ್ತು ತೆಗೆದೆ. ಕುಂಕುಮ ಒರೆಸಿದರೆ ಮುಖವೆಲ್ಲ ಕೆಂಪಾಗುತ್ತದೆಂದು ಹಾಗೇ ಬಿಟ್ಟೆ. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಭೂತಗನ್ನಡಿ ಹಿಡಿದು ಬಗ್ಗಿದರು. ಕೆಸರು ನೋಡಿದರು, ತುಕ್ಕು ನೋಡಿದರು. ಅವರ ಕಣ್ಣು ಸೈನಿಕರ ಹಣೆಗೆ ಬಂತು.

"ಎಲ್ಲರಿಗೂ ಹಣೆಗೇ ಗುಂಡು ಬಿದ್ದಿದೆ. ಆದರೂ ಒಬ್ಬನೂ ನೆಲಕ್ಕೆ ಬಿದ್ದಿಲ್ಲವಲ್ಲ? ಇದು ದೊಡ್ಡ ತಪ್ಪು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಬೀಳುವುದು ಎಂತಕ್ಕೆ? ನಾನೇ ಪೂಜೆ ಮಾಡಿದ್ದು. ಅವರಿಗೆ ಒಂದು ಗುಂಡೂ ತಾಗುವುದಿಲ್ಲ!"

ತೀರ್ಪುಗಾರರು ಗಾಬರಿಯಿಂದ ಭೂತಗನ್ನಡಿ ಕೆಳಗಿಟ್ಟು ಟ್ಯಾಂಕಿಗೆ ಕೈಮುಗಿದರು. ಬಹುಮಾನ ಮಾತ್ರ ಪಕ್ಕದ ಮೇಜಿನ ರೈಲಿಗೆ ಕೊಟ್ಟರು. ಅದರ ಮೇಲೆ ಒಂದು ಚೂರೂ ಕೊಳೆ ಇರಲಿಲ್ಲವಂತೆ!