ರೀಲು ಹೊತ್ತ ಸೈಕಲ್ಲಿನ ಕಟಕಟ

ಹಳೇ ಸೈಕಲ್ ಬಿಚ್ಚಿಟ್ಟುಕೊಂಡು ಕೂತವನ ಮುಂದೆ ಯಾರೂ ಸುಮ್ಮನೆ ಹಾದುಹೋಗುವುದಿಲ್ಲ. ಒಬ್ಬ ನಿಂತು ಬುದ್ಧಿ ಹೇಳುತ್ತಾನೆ, ಇನ್ನೊಬ್ಬ ತನ್ನ ಅಪ್ಪನ ಸೈಕಲ್ಲಿನ ಕಥೆ ತೆಗೆಯುತ್ತಾನೆ, ಮತ್ತೊಬ್ಬ ನಾನು ಸಾಲಾಗಿ ಇಟ್ಟ ಬಾಲ್ ಬೇರಿಂಗುಗಳ ಮೇಲೆ ಕಾಲಿಟ್ಟು ಜಾರಿ ಬಿದ್ದು ನನ್ನನ್ನೇ ಬೈಯುತ್ತಾನೆ. ವಾಮಂಜೂರಿನ ನನ್ನ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಇದು ದಿನಾ ನಡೆಯುವ ಸಂಗತಿ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಗಡಿಗಳ ಬೋರ್ಡು ಬರೆದು ಬದುಕಿದವನು. ಫ್ಲೆಕ್ಸ್ ಬಂದು ಆ ಕೆಲಸದ ಕುತ್ತಿಗೆ ಹಿಸುಕಿದ ಮೇಲೆ ಹೆಚ್ಚಾಗಿ ಧರಣಿಯ ಬೋರ್ಡುಗಳನ್ನೇ ಬರೆಯುತ್ತೇನೆ, ಬರೆದದ್ದನ್ನು ನಾನೇ ಹಿಡಿದುಕೊಂಡು ಕೂರುತ್ತೇನೆ. ನಡೆಯುವವನಿಗೂ ಸೈಕಲ್ ತುಳಿಯುವವನಿಗೂ ಒಂದು ಗೇಣು ಜಾಗ ಇಡದೆ ರಸ್ತೆ ಮಾಡಿ, ಅದಕ್ಕೆ ಅಭಿವೃದ್ಧಿ ಅಂತ ಹೆಸರಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಉರಿ ಇಳಿಯುವುದು ಒಂದೇ ಹೊತ್ತಿನಲ್ಲಿ: ತುಕ್ಕು ತಿಂದ ಸೈಕಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಉಜ್ಜಿ, ಬಣ್ಣ ಕೊಟ್ಟು, ಅದರ ಕಪ್ಪು ಮೈ ಮೇಲೆ ಬೋರ್ಡು ಬರೆಯುವ ಬ್ರಷ್ಷಿನಲ್ಲೇ ಚಿನ್ನದ ಗೆರೆ ಎಳೆಯುವಾಗ. ಮನುಷ್ಯ ಮಾಡಿದ ಯಂತ್ರಗಳಲ್ಲಿ ಯಾರನ್ನೂ ಬೈಯದೆ ನೋಡಬಹುದಾದದ್ದು ಇದೊಂದೇ.

ಈ ಸಲದ ಆಟಿ ತಿಂಗಳಲ್ಲಿ, ಅಂದರೆ ನಮ್ಮ ತುಳುವರ ಆಷಾಢದ ಮಳೆಯಲ್ಲಿ, ಅಂಥ ಒಂದು ಸೈಕಲ್ ನನ್ನನ್ನು ಕುಣಿಸಿದ ಕಥೆ ಇದು.

ಗುಜರಿ ಗಾಡಿಯಲ್ಲಿ ಜಾಗ

ನಮ್ಮ ಮನೆಯಿಂದ ಎರಡು ತಿರುವು ಆಚೆ ಒಬ್ಬರು ಮಾಮ ಇದ್ದಾರೆ. ಪ್ರಾಯದಲ್ಲಿ ಅವರ ಕೆಲಸ ಸಿನೆಮಾದ ರೀಲು ಹೊರುವುದು. ಪೇಟೆಯ ಎರಡು ಟಾಕೀಸಿಗೆ ಒಂದೇ ಪ್ರಿಂಟು ಬರುತ್ತಿತ್ತು. ಒಂದು ಕಡೆ ರೀಲು ಓಡಿ ಮುಗಿದ ಕೂಡಲೇ ಅದರ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿ ಇನ್ನೊಂದು ಟಾಕೀಸಿಗೆ ತುಳಿಯಬೇಕು. ತಡವಾದರೆ ಪರದೆ ಬಿಳಿ, ಜನರ ಬಾಯಲ್ಲಿ ಮಾಮನ ಅಪ್ಪ ಅಮ್ಮ. ಮಂಗಳೂರಿನ ಏರುಗಳಲ್ಲಿ, ಮಂಗಳೂರಿನ ಮಳೆಯಲ್ಲಿ, ಕಬ್ಬಿಣದ ಸೈಕಲ್ಲಿನ ಮೇಲೆ ಕಬ್ಬಿಣದ ಡಬ್ಬಿ. ಪರದೆಯ ಮೇಲೆ ಕುದುರೆ ಓಡಿಸಿದವನಿಗೆ ಜನ ಹಾರ ಹಾಕಿದರು; ಆ ಕುದುರೆಯನ್ನು ಟಾಕೀಸಿಗೆ ಮುಟ್ಟಿಸಿದವರನ್ನು ಯಾರೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಇಂಥದ್ದಕ್ಕೇ.

ಆ ಸೈಕಲ್ ವರ್ಷಗಟ್ಟಲೆ ಅವರ ಜಗಲಿಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಆಟಿ ಶುರುವಾದ ಒಂದು ಬೆಳಿಗ್ಗೆ ಮಾಮ ಅದನ್ನು ತಳ್ಳಿಕೊಂಡು ನನ್ನ ಚಪ್ಪರಕ್ಕೆ ಬಂದರು. ಹಿಂದಿನಿಂದ ಮಾಮಿ, ಕಳ್ಳನನ್ನು ಹಿಡಿದು ತರುವ ಪೊಲೀಸಿನ ಹಾಗೆ.

"ಇದು ಓಡ್ತದಾ ಇಲ್ವಾ, ಒಂದೇ ಮಾತು ಹೇಳು," ಎಂದರು ಮಾಮಿ.

"ಓಡ್ತದೆ ಮಾಮಿ."

"ಆಟಿ ಕಳೆಯುವುದರೊಳಗೆ ಓಡ್ಬೇಕು. ಇಲ್ಲದಿದ್ರೆ ಗುಜರಿಗೆ."

ಮಾಮನ ಮುಖ ನೋಡಲಾಗಲಿಲ್ಲ. ಭಾನುವಾರ ಗುಜರಿ ಗಾಡಿಯ ಮೈಕು ಕೂಗಿದರೆ ಅವರು ಊಟ ಬಿಟ್ಟು ಎದ್ದು ಸೈಕಲ್ಲಿನ ಪಕ್ಕ ಹೋಗಿ ನಿಲ್ಲುತ್ತಾರೆ ಅಂತ ನನಗೆ ಗೊತ್ತಿತ್ತು.

"ಇಂಥ ಸೈಕಲ್ಲನ್ನು ಗುಜರಿಗೆ ಹಾಕುವುದು ಪಾಪ ಮಾಮಿ," ಎಂದೆ.

"ನಾನು ಒಗೆದು ಹಾಕಿದ ಬಟ್ಟೆಗೆಲ್ಲ ಇದರ ತುಕ್ಕು. ಆ ಪಾಪ ಯಾರದ್ದು?"

"ಅಲ್ಲ, ಮಾಮ ಇದರ ಒಟ್ಟಿಗೇ ಆಯುಷ್ಯ ಕಳೆದವರು..."

ಮಾಮಿ ಸೈಕಲ್ಲನ್ನೊಮ್ಮೆ, ಗಂಡನನ್ನೊಮ್ಮೆ ಅಳತೆ ತೆಗೆಯುವ ಹಾಗೆ ನೋಡಿದರು.

"ಹಾಗಾದ್ರೆ ಒಟ್ಟಿಗೇ ಹೋಗ್ಲಿ. ಗಾಡಿಯಲ್ಲಿ ಜಾಗ ಉಂಟು."

ಧಣಿ ಸೈಕಲ್ ತುಳಿದದ್ದು

ಸೈಕಲ್ ಪೂರ್ತಿ ಬಿಚ್ಚಿ ಹರಡಿದ್ದ ಹೊತ್ತಿಗೆ ನಮ್ಮ ಓಣಿಗೆ ಹಿಡಿಯದ ಒಂದು ಕಾರು ಬಂದು ನಿಂತಿತು. ಇಳಿದವರು ಪೇಟೆಯಲ್ಲಿ ಹೊಸ ಹೋಟೆಲ್ ತೆರೆದ ಧಣಿ. ಭೂಮಿ ಇದ್ದ ಮನೆತನ, ಈಗ ಹೋಟೆಲ್. ಹೊಸ ಹೋಟೆಲಿಗೆ ಅವರು ಹಳೇ ಕಾಲದ ಥೀಮ್ ಮಾಡುತ್ತಿದ್ದರು. ಊರಿನ ಹಳತನ್ನೆಲ್ಲ ಒಡೆದು ಮುಗಿಸಿದ ಮೇಲೆ ಉಳಿದ ಚೂರುಗಳನ್ನು ಗೋಡೆಗೆ ಹೊಡೆದು ಲೈಟು ಬಿಡುವುದಕ್ಕೆ ಈಗ ಥೀಮ್ ಅಂತ ಹೆಸರು.

"ಈ ಸೈಕಲ್ ನನಗೆ ಕೊಡಿ ಮಾರ್ರೆ," ಎಂದರು. "ಗೋಡೆಗೆ ತೂಗುಹಾಕಿದ್ರೆ ಎಂಥ ಲುಕ್ ಉಂಟು ಗೊತ್ತುಂಟಾ?"

ನನಗೆ ಸಿಟ್ಟು ನೆತ್ತಿಗೇರಿತು. "ತುಳಿಯುವ ವಸ್ತುವನ್ನು ತೂಗುಹಾಕುವುದಾ? ನಿಮ್ಮ ಅಜ್ಜನನ್ನೂ ತೂಗುಹಾಕಿದ್ದೀರಾ?"

"ಹೌದು," ಎಂದರು ಅವರು ಶಾಂತವಾಗಿ. "ಕೌಂಟರಿನ ಮೇಲೆ. ಹಾರ ಹಾಕಿ."

ನಾನೂ ಬಿಡಲಿಲ್ಲ. ನಾನು ಮೊದಲೇ ಸರಿ ಮಾಡಿಟ್ಟ ಇನ್ನೊಂದು ಸೈಕಲ್ಲನ್ನು ಅವರ ಮುಂದೆ ನಿಲ್ಲಿಸಿದೆ. "ಮೊದಲು ಒಂದು ಸುತ್ತು ತುಳಿದು ತೋರಿಸಿ. ಆಮೇಲೆ ಮಾತಾಡುವಾ."

ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಬೂಟು ಕಳಚಿದರು. ಹ್ಯಾಂಡಲ್ ಹಿಡಿದರು. ಬಲಗಾಲನ್ನು ಎತ್ತಿ, ಸೀಟಿನ ಮೇಲಿಂದ ಅಲ್ಲ, ಬಾರಿನ ಕೆಳಗಿನ ತ್ರಿಕೋನದ ಒಳಗಿಂದ ಆಚೆ ತೂರಿಸಿದರು. ಸಣ್ಣ ಮಕ್ಕಳು ದೊಡ್ಡವರ ಸೈಕಲ್ ಕಲಿಯುವ ಹಾಗೆ, ಇಡೀ ಮೈಯನ್ನು ಒಂದು ಬದಿಗೆ ವಾಲಿಸಿಕೊಂಡು, ಹೊಟ್ಟೆಯನ್ನು ಬಾರಿಗೆ ಒತ್ತಿಕೊಂಡು, ಅಂಗಳಕ್ಕೆ ಒಂದು ಸುತ್ತು ಬಂದರು. ಅಜ್ಜನ ಸೈಕಲ್ಲಿನಲ್ಲಿ ಕಲಿತದ್ದು ಅಷ್ಟೇ ಅಂತೆ. ಸೀಟಿನ ಮೇಲಿಂದ ಪೆಡಲಿಗೆ ಕಾಲು ನಿಲುಕುವ ವಯಸ್ಸಿಗೆ ಮನೆಗೆ ಸ್ಕೂಟರ್ ಬಂತು. ಮುಖದಲ್ಲಿ ಹತ್ತು ವರ್ಷದ ಹುಡುಗನ ನಗು. ಗೋಡೆಗೆ ಮೊಳೆ ಹೊಡೆಯುವ ಆ ಮನುಷ್ಯನ ಮೇಲೆ ನನಗೆ ಆ ಕ್ಷಣ ಪ್ರೀತಿಯೇ ಹುಟ್ಟಿತು, ಸುಳ್ಳು ಹೇಳುವುದಿಲ್ಲ.

ಎರಡನೇ ಸುತ್ತಿಗೆ ಹೊರಟಾಗ ಅವರ ಡ್ರೈವರಿಗೆ ತಡೆಯಲಾಗಲಿಲ್ಲ. ಕಾರಿನಿಂದ ತಲೆ ಹೊರಗೆ ಹಾಕಿ ಕೂಗಿದ:

"ಧಣಿಗಳೇ, ಸೀಟು ಮೇಲೆ ಉಂಟು!"

ಬೇಡಿಕೆ

ರಾಡ್ ಬ್ರೇಕಿನ ಸೈಕಲ್ಲಿಗೆ ಒಂದು ಸ್ವಭಾವ ಉಂಟು. ರಿಮ್ ಒದ್ದೆಯಾದರೆ ಅದು ಯಾರ ಮಾತೂ ಕೇಳುವುದಿಲ್ಲ. ಆ ಸ್ವಭಾವಕ್ಕೆ ನನ್ನ ಗೌರವ ಉಂಟು, ಇಳಿಜಾರಿನಲ್ಲಿ ಬಿಟ್ಟು.

ನಮ್ಮ ರಸ್ತೆಯ ಚರಂಡಿಗೆ ಮುಚ್ಚಿದ ಚಪ್ಪಡಿಗಳು ಕುಸಿದು ಜನ ಒಳಗೆ ಬೀಳುತ್ತಿದ್ದರು. ಅದಕ್ಕೆ ಒಂದು ಕಚೇರಿಯ ಮುಂದೆ ನಾವು ಧರಣಿ ಕೂತಿದ್ದೆವು. ಎಷ್ಟೋ ಸಲ ಹೋದರೂ ಗೇಟಿನ ಕಾವಲುಗಾರ ನಮ್ಮನ್ನು ಒಳಗೆ ಬಿಟ್ಟಿರಲಿಲ್ಲ. ಅಧಿಕಾರಿಯ ಮುಖವನ್ನೇ ನಾವು ನೋಡಿರಲಿಲ್ಲ. ಮಾಮನ ಸೈಕಲ್ ಜೋಡಿಸಿ ಮುಗಿದಿತ್ತು. ಪರೀಕ್ಷೆಯೂ ಆಯಿತು, ಧರಣಿಯೂ ಆಯಿತು ಅಂತ ಅದರಲ್ಲೇ ಹೊರಟೆ.

ಕಚೇರಿ ಇರುವುದು ಒಂದು ಇಳಿಜಾರಿನ ಬುಡದಲ್ಲಿ. ಇಳಿಜಾರಿನ ತುದಿಗೆ ಬಂದಾಗ ಮಳೆ ಹನಿಯಿತು. ಬ್ರೇಕ್ ಹಿಡಿದೆ. ಸೈಕಲ್ ಇನ್ನೂ ಜೋರಾಗಿ ಹೋಯಿತು. ಯಾರದ್ದೋ ಕಾರು ಒಳಗೆ ಹೋಗಲಿಕ್ಕೆ ಗೇಟು ತೆರೆದಿತ್ತು. ಧರಣಿ ಕೂತವರು ಎರಡು ಪಾಲಾದರು, ಕಾವಲುಗಾರ ಹಾರಿದ, ನಾನು ಕಾರಿನ ಹಿಂದೆಯೇ ನುಗ್ಗಿ ಪೋರ್ಟಿಕೋದ ಹೂಕುಂಡಕ್ಕೆ ಗುದ್ದಿ ನಿಂತೆ. ನಮ್ಮವರು ಇದು ಹೋರಾಟದ ಹೊಸ ವಿಧಾನ ಅಂದುಕೊಂಡರು. ಘೋಷಣೆ ಕೂಗುತ್ತ ಅಷ್ಟೂ ಜನ ನನ್ನ ಹಿಂದೆ ನುಗ್ಗಿದರು.

ಒಳಗಿನಿಂದ ಅಧಿಕಾರಿ ಓಡಿ ಬಂದರು. "ಎಂತ ಬೇಕು ನಿಮಗೆ? ಎಂತ ಬೇಕು ಹೇಳಿ!"

ನನಗೆ ಉಸಿರು ಸಿಗುತ್ತಿರಲಿಲ್ಲ. "ಬ್ರೇಕು," ಎಂದೆ.

"ಆಯ್ತು, ಆಯ್ತು," ಎಂದರು ಅಧಿಕಾರಿ, ನಮ್ಮ ಗುಂಪು ನೋಡಿ ಬೆವರುತ್ತ. "ಮಾಡಿಸುವಾ. ಬರೆದು ಕೊಡಿ."

ಆಮೇಲೆ ಕೂತು ಮಾತಾಡಿದೆವು. ಚಪ್ಪಡಿ ಬಂತು. ಅವತ್ತು ಮನೆಗೆ ಬಂದು ನಾನು ಬ್ರೇಕಿಗೆ ಹೊಸ ರಬ್ಬರು ಹಾಕಲು ಕೂತಾಗ ನಮ್ಮ ಧರಣಿಯ ಹಿರಿಯ ಗೆಳೆಯರೊಬ್ಬರು ಕೈ ಹಿಡಿದರು:

"ಈಗಲೇ ಸರಿ ಮಾಡ್ಬೇಡ ಮಾರಾಯ. ನಾಡಿದ್ದು ಇನ್ನೊಂದು ಆಫೀಸು ಉಂಟು."

ಓಡುವುದೇ ತೊಂದರೆ

ಹಳೇ ಚೈನ್ ಕವರ್ ಜಜ್ಜಿಹೋಗಿ ತುಳಿದಾಗಲೆಲ್ಲ ಚೈನು ತಾಗಿ ಕಟಕಟ ಅನ್ನುತ್ತಿತ್ತು. ಬಂದರಿನ ಹಳೇ ಅಂಗಡಿಯೊಂದರ ಅಟ್ಟದಲ್ಲಿ ಅದೇ ಮಾದರಿಯ, ಯಾರೂ ಬಳಸದ ಕವರ್ ಸಿಕ್ಕಿತು. ಅದನ್ನು ಹಾಕಿ, ಹಳೆಯದನ್ನು ಗುಜರಿಗೆ ಕೊಟ್ಟೆ. ಆಟಿ ಮುಗಿಯುವ ಮೊದಲೇ ಸೈಕಲ್ ಮಾಮನ ಕೈಗೆ ಹೋಯಿತು. ಅವರು ಹತ್ತಿ ತುಳಿದ ಚಂದ ನೋಡಬೇಕಿತ್ತು: ಬೆನ್ನು ನೆಟ್ಟಗೆ, ಮೈಯಲ್ಲಿ ಅವಸರ ಇಲ್ಲ, ಸೈಕಲ್ಲಿನಲ್ಲಿ ಒಂದು ಚೂರು ಶಬ್ದ ಇಲ್ಲ. ಗಾಳಿ ಹೋದ ಹಾಗೆ ಹೋದರು.

ಮರುದಿನ ಮಾಮಿ ಬಂದರು. "ನೀನು ಎಂತ ಮಾಡಿದ್ದು ನಮ್ಮ ಸೈಕಲ್ಲಿಗೆ?"

"ಎಂತಾಯ್ತು ಮಾಮಿ? ಓಡುವುದಿಲ್ವಾ?"

"ಓಡ್ತದೆ. ಅದೇ ತೊಂದರೆ."

ಆದದ್ದು ಹೀಗೆ. ಮಾಮ ಪೇಟೆ ಸುತ್ತಿ ವಾಪಸು ಬಂದಾಗ ಮಾಮಿ ಜಗಲಿಯಲ್ಲಿ ಪಕ್ಕದ ಮನೆಯಾಕೆಗೆ ಕಥೆ ಹೇಳುತ್ತಿದ್ದರು. ಒಮ್ಮೆ ಮಾಮ ರೀಲುಗಳನ್ನು ಹಿಂದುಮುಂದು ಮಾಡಿ ಕೊಟ್ಟ ಕಥೆ. ಸಿನೆಮಾದಲ್ಲಿ ಇಂಟರ್ವಲಿಗೆ ಮುಂಚೆ ಸತ್ತ ಅಪ್ಪ ಇಂಟರ್ವಲ್ ಆದ ಮೇಲೆ ಮಗಳ ಮದುವೆಯಲ್ಲಿ ಊಟ ಬಡಿಸುತ್ತಿದ್ದ. ಜನ ಡಬಲ್ ಆಕ್ಟಿಂಗ್ ಅಂದುಕೊಂಡು ಚಪ್ಪಾಳೆ ಹೊಡೆದರು. ಈ ಗುಟ್ಟು ಹೆಂಡತಿಗೆ ಗೊತ್ತೇ ಇಲ್ಲ ಅಂತ ಮಾಮ ಇಷ್ಟು ವರ್ಷ ನಂಬಿದ್ದರು. ಈಗ ಅಂಗಳದಲ್ಲಿ ಸದ್ದಿಲ್ಲದೆ ನಿಂತು ಪೂರ್ತಿ ಕೇಳಿಸಿಕೊಂಡಿದ್ದರು.

"ಮದುವೆಯಾದಂದಿನಿಂದ ತಿರುವಿನಲ್ಲಿ ಆ ಕಟಕಟ ಕೇಳ್ತಿತ್ತು," ಎಂದರು ಮಾಮಿ. "ಕೇಳಿದ ಕೂಡಲೇ ನಾನು ಬಾಯಿ ಮುಚ್ಚಿ ಚಾಕ್ಕೆ ನೀರು ಇಡುವುದು. ಸೆಕೆಂಡ್ ಶೋ ಬಿಟ್ಟ ಮೇಲೆ ಅದು ಕೇಳಿದ್ರೆ ಮಾತ್ರ ನನಗೆ ನಿದ್ರೆ. ಸೈಕಲ್ ಓಡ್ಬೇಕು ಅಂತ ನಾನು ಯಾಕೆ ಹಟ ಮಾಡಿದ್ದು? ಇವರು ಸ್ವಲ್ಪ ಹೊತ್ತು ಮನೆಯಿಂದ ಹೊರಗೆ ಹೋಗ್ಲಿ ಅಂತ. ಈಗ ಹೋಗ್ತಾರೆ. ಯಾವಾಗ ಬರ್ತಾರೆ ಅಂತ ದೇವರಿಗೇ ಗೊತ್ತು. ಶಬ್ದ ವಾಪಸು ಹಾಕು. ಇಲ್ಲದಿದ್ರೆ ಗುಜರಿಗೆ."

"ಬೆಲ್ ಉಂಟಲ್ಲ ಮಾಮಿ? ತಿರುವಿನಲ್ಲಿ ಹೊಡೀಲಿಕ್ಕೆ ಹೇಳಿ."

ಮಾಮಿ ನನ್ನನ್ನು ಕನಿಕರದಿಂದ ನೋಡಿದರು.

"ಬೆಲ್ ಅವರ ಕೈಯಲ್ಲಿ ಉಂಟು ಮಾರಾಯ. ಕಟಕಟ ಅವರ ಕೈಯಲ್ಲಿ ಇರ್ಲಿಲ್ಲ."

ಮಾಮಿಯ ಧರಣಿ

ಹೋದ ಸೈಕಲ್ಲಿಗೆ ಜೀವ ತಂದವನು ನಾನು, ಹೋದ ಶಬ್ದ ತರುವುದು ಎಷ್ಟರ ಕೆಲಸ ಅಂದುಕೊಂಡೆ. ನಟ್ಟು ಸಡಿಲ ಮಾಡಿದೆ, ಮಡ್‌ಗಾರ್ಡಿಗೆ ತಗಡು ಕಟ್ಟಿದೆ. ಮಾಮಿ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದರು. "ಇದು ಹಾಲಿನವ." ಇನ್ನೊಂದು ಮಾಡಿದೆ. "ಇದು ಐಸ್‌ಕ್ಯಾಂಡಿಯವ. ನನ್ನ ಗಂಡ ಅಲ್ಲ." ಕಡೆಗೆ ಗುಜರಿಯವನಲ್ಲಿಗೆ ಓಡಿದೆ. "ಆ ಜಜ್ಜಿದ ಕವರಾ? ಹೋಟೆಲಿನ ಧಣಿ ತಕೊಂಡು ಹೋದ್ರಲ್ಲ," ಎಂದ.

ಹೌದು. ಅದು ಧಣಿಯ ಹೋಟೆಲಿನ ಗೋಡೆಯಲ್ಲಿ, ಲೈಟಿನ ಕೆಳಗೆ, ರಾಜಮನೆತನದ ಕತ್ತಿಯ ಹಾಗೆ ತೂಗುತ್ತಿತ್ತು. ಕೇಳಿದೆ. ಡಿಸೈನರ್ ಒಂದು ಇಂಚು ಕದಲಿಸಬಾರದು ಅಂದಿದ್ದಾರೆ ಎಂದರು ಧಣಿ. "ಧರಣಿ ಕೂರ್ತೇನೆ," ಎಂದೆ. ಅವರು ಖುಷಿಯಿಂದಲೇ ಒಪ್ಪಿದರು. "ಕೂರಿ ಮಾರ್ರೆ. ಅದೂ ಹಳೇ ಕಾಲದ್ದೇ. ನಮ್ಮ ಥೀಮಿಗೆ ಹೊಂದ್ತದೆ."

ಮನೆಗೆ ಬಂದು ಹಲ್ಲು ಕಚ್ಚಿ ಬೋರ್ಡು ಬರೆದೆ: "ಸೈಕಲ್ ಇರುವುದು ತುಳಿಯಲಿಕ್ಕೆ, ತೂಗುಹಾಕಲಿಕ್ಕೆ ಅಲ್ಲ." ಮಾಮಿ ಅದನ್ನು ಓದಿದರು. "ಅಕ್ಷರ ಚಂದ ಉಂಟು. ನೀನು ಹೊರಗೆ ಹಿಡ್ಕೊಂಡು ನಿಲ್ಲು. ನಾನು ಒಳಗೆ ಹೋಗ್ತೇನೆ."

ಭಾನುವಾರ ಮಧ್ಯಾಹ್ನ. ಹೋಟೆಲಿನ ಹೊರಗೆ ಕ್ಯೂ. ಮಾಮಿ ಒಳ್ಳೆಯ ಸೀರೆ ಉಟ್ಟು, ಕವರಿನ ಕೆಳಗಿನ ಟೇಬಲ್ ಸಿಗುವ ತನಕ ಕಾದು, ಕೂತರು. ನಾನು ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ.

"ಎಂತ ಕೊಡ್ಲಿ ಅಮ್ಮ?" ಎಂದ ಸಪ್ಲಾಯರ್.

ಮಾಮಿ ಗೋಡೆ ತೋರಿಸಿದರು. "ಅದು."

"ಅದು ಮೆನುವಿನಲ್ಲಿ ಇಲ್ಲ ಅಮ್ಮ."

"ಇಲ್ಲದಿದ್ರೆ ಕಾಯ್ತೇನೆ. ಸೆಕೆಂಡ್ ಶೋಗೆ ಕಾದವಳು ನಾನು."

ಪಕ್ಕದ ಟೇಬಲಿನವರು ಎಂತ ವಿಷಯ ಅಂತ ಕೇಳಿದರು. ಮಾಮಿ ಹೇಳಿದರು. ರೀಲು, ಏರು, ಮಳೆ, ಕಟಕಟ, ಸತ್ತ ಅಪ್ಪ ಊಟ ಬಡಿಸಿದ್ದು, ಎಲ್ಲ. ಉಂಡು ಮುಗಿಸಿದವರು ಏಳಲಿಲ್ಲ. ಹೊರಗಿನ ಕ್ಯೂ ಒಳಗೆ ಬಂದು ನಿಂತು ಕೇಳಿತು. ಸಪ್ಲಾಯರ್‌ಗಳು ತಟ್ಟೆ ಹಿಡಿದುಕೊಂಡೇ ಕೇಳಿದರು. ಗಲಾಟೆ ಏನೆಂದು ನೋಡಲು ಬಂದ ಧಣಿ ಒಂದು ಕಂಬಕ್ಕೆ ಒರಗಿದವರು ಅಲ್ಲೇ ಉಳಿದರು.

"ಅಮ್ಮ," ಎಂದರು ಕೊನೆಗೆ, ಸ್ವರ ಸಣ್ಣ ಮಾಡಿ, "ಆ ಡಬಲ್ ಆಕ್ಟಿಂಗ್ ಶೋಗೆ ನಾನಿದ್ದೆ. ಸಣ್ಣವನು. ಮೊದಲು ಚಪ್ಪಾಳೆ ಹೊಡೆದದ್ದು ನಾನೇ."

ಅವರೇ ಕುರ್ಚಿ ಹತ್ತಿ ಕವರ್ ಬಿಚ್ಚಿ ಮಾಮಿಯ ಕೈಗೆ ಕೊಟ್ಟರು. ನಾನು ಎಷ್ಟೋ ಧರಣಿ ಕೂತಿದ್ದೇನೆ, ಬಿಸಿಲಲ್ಲಿ ಬೆಂದಿದ್ದೇನೆ, ಘೋಷಣೆ ಕೂಗಿ ಗಂಟಲು ಹರಿದುಕೊಂಡಿದ್ದೇನೆ. ಒಂದು ಊಟದ ಹೊತ್ತಿನಲ್ಲಿ, ಒಂದು ಘೋಷಣೆ ಇಲ್ಲದೆ, ಎದುರಾಳಿಯನ್ನೇ ಕುರ್ಚಿ ಹತ್ತಿಸಿ ಗೆದ್ದವರನ್ನು ಮೊದಲ ಸಲ ನೋಡಿದೆ. ಗೋಡೆಯ ಖಾಲಿ ಜಾಗಕ್ಕೆ ಧಣಿ ನನ್ನ ಬೋರ್ಡನ್ನೇ ಕಿತ್ತುಕೊಂಡು ತೂಗುಹಾಕಿದರು. ಅದಕ್ಕೂ ಲೈಟು ಬಿಟ್ಟಿದ್ದಾರೆ.

ಕವರ್ ಸೈಕಲ್ಲಿಗೆ ಏರಿತು. ತಿರುವಿನಲ್ಲಿ ಕಟಕಟ ಕೇಳಿ ಮಾಮಿ ಎದ್ದು ಚಾಕ್ಕೆ ಇಟ್ಟರು. ಗುಜರಿಯ ಮಾತು ಅಲ್ಲಿಗೆ ಮುಗಿಯಿತು.

ಮೊನ್ನೆ ಚೈನಿಗೆ ಎಣ್ಣೆ ಬಿಡುವಾ ಅಂತ ಅವರಲ್ಲಿಗೆ ಹೊರಟೆ. ತಿರುವಿನಲ್ಲಿ ಸೈಕಲ್ ಯಾರದ್ದೋ ಕಂಪೌಂಡಿಗೆ ಒರಗಿ ನಿಂತಿತ್ತು. ಮಾಮ ಇರಲಿಲ್ಲ. ಗಾಬರಿಯಾಗಿ ಓಡಿದೆ. ನೋಡಿದರೆ ಅವರ ಬೇಲಿಯ ದಾಸವಾಳದ ಹಿಂದೆ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು, ಮಾಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಜಗಲಿಯಲ್ಲಿ ಮಾಮಿಯ ಸ್ವರ ಪಕ್ಕದ ಮನೆಯಾಕೆಗೆ ಹೇಳುತ್ತಿತ್ತು: "ಆ ಮಳೆಗೆ ಕೊಡೆಯನ್ನು ರೀಲಿಗೆ ಕಟ್ಟಿ, ತಾನು ನೆನ್ಕೊಂಡು ತುಳಿದವರು. ಅಂಥ ಗಂಡಸು ಈ ಊರಲ್ಲಿ ಇನ್ನೊಬ್ಬ ಇದ್ದಾನಾ ಹೇಳು."

"ಮಾಮ," ಎಂದು ಬಾಯಿ ತೆರೆದೆ, "ಅಷ್ಟು ಕಷ್ಟಪಟ್ಟು ಆ ಕಟಕಟ ತಂದದ್ದು..."

ಮಾಮ ಚಪ್ಪಲಿ ಹಿಡಿದ ಕೈಯಲ್ಲೇ ನನ್ನ ಬಾಯಿ ಮುಚ್ಚಿದರು. ಆಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು.

"ಕೂತ್ಕೋ ಮಾರಾಯ. ಇಂಟರ್ವಲ್ ನಂತರದ್ದು ಈಗ ಶುರು."